ಕೃತಕ ದಂತಪಂಕ್ತಿಯ ಮೇಲ್ಮೈ: ಲಾಲಾರಸದ ಪ್ರೋಟೀನುಗಳು ಮತ್ತು ಸೂಕ್ಷ್ಮಜೀವಿಗಳು

ಹಿರಿಯರಿರುವ ಅನೇಕ ಮನೆಗಳಲ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಮಕ್ಕಳು ಕಂಡಿರುತ್ತಾರೆ. ಬರಿಗಣ್ಣಿಗೆ ಅದು ನಿರ್ಜೀವ ವಸ್ತು. ಬಾಯಿಯೊಳಗೆ ಸೇರಿದ ಕೂಡಲೇ ಅದರ ಮೈಮೇಲೆ ಪ್ರೋಟೀನುಗಳೂ, ಅವುಗಳ ಹಿಂದೆಯೇ ಸೂಕ್ಷ್ಮಜೀವಿಗಳೂ ನೆಲೆಯೂರತೊಡಗುತ್ತವೆ. ಈ ಪ್ರಕ್ರಿಯೆಯನ್ನು ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತೇವೆ.

ತಳಭಾಗದ ವಸ್ತು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಂತಪಂಕ್ತಿಯ ತಳಭಾಗವನ್ನು ಗಂಧಕ ಬೆರೆಸಿ ಕಾಯಿಸಿದ ಗಟ್ಟಿ ರಬ್ಬರಿನಿಂದ ತಯಾರಿಸುತ್ತಿದ್ದರು. 1930ರ ದಶಕದ ಕೊನೆಯಿಂದ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಅಕ್ರಿಲಿಕ್ ವಸ್ತು ಅದರ ಸ್ಥಾನವನ್ನು ಪಡೆಯಿತು. ಅಂಗುಳಕ್ಕೆ ತಾಗುವ ಒಳಮೈಯ ಆಕಾರ ಕೆಡಬಾರದೆಂದು ಅದಕ್ಕೆ ಸಾಮಾನ್ಯವಾಗಿ ಹೊಳಪು ಕೊಡುವುದಿಲ್ಲ. ಆದ್ದರಿಂದ ಹೊರಮೈಗಿಂತ ಅದು ಒರಟು. ಮೇಲ್ಮೈಯ ಸರಾಸರಿ ಒರಟುತನ 0.2 ಮೈಕ್ರೋಮೀಟರನ್ನು ಮೀರಿದಂತೆಲ್ಲ ಬ್ಯಾಕ್ಟೀರಿಯಗಳ ಶೇಖರಣೆ ಹೆಚ್ಚುತ್ತದೆ. ಸಣ್ಣ ಗೀರುಗಳಲ್ಲಿ ಅವಿತ ಜೀವಿಗಳಿಗೆ ಲಾಲಾರಸದ ಹರಿವಾಗಲಿ ಬ್ರಷ್ಷಾಗಲಿ ಸುಲಭವಾಗಿ ತಲಪುವುದಿಲ್ಲ.

ಪ್ರೋಟೀನು ಪದರ

ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಸ್ರವಿಸುತ್ತದೆ. ಅದರಲ್ಲಿ ಬಹುಪಾಲು ನೀರೇ. ಉಳಿದ ಅಲ್ಪ ಭಾಗದಲ್ಲಿ ಜಾರುವಿಕೆ ನೀಡುವ ಮ್ಯೂಸಿನ್, ಪಿಷ್ಟವನ್ನು ಒಡೆಯುವ ಅಮೈಲೇಸ್, 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ವರ್ಣಿಸಿದ ಲೈಸೋಜೈಮ್, ಶಿಲೀಂಧ್ರವನ್ನು ಕೊಲ್ಲಬಲ್ಲ ಹಿಸ್ಟಾಟಿನ್, ರೋಗನಿರೋಧಕ ಪ್ರತಿಕಾಯಗಳು ಮೊದಲಾದವು ಇರುತ್ತವೆ. ಇವುಗಳಲ್ಲಿ ಕೆಲವು ಅಕ್ರಿಲಿಕ್ಕಿನ ಮೇಲೆ ಕೆಲವೇ ನಿಮಿಷಗಳಲ್ಲಿ ತೆಳುವಾದ ಪೊರೆಯಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಪೆಲಿಕಲ್ ಎಂದು ಹೆಸರು. ನಿಜವಾದ ಹಲ್ಲಿನ ಎನಾಮೆಲಿನಲ್ಲಿ ಕ್ಯಾಲ್ಸಿಯಂ ಇದೆ, ಅಕ್ರಿಲಿಕ್ಕಿನಲ್ಲಿ ಇಲ್ಲ. ಆದಕಾರಣ ಎರಡರ ಮೇಲೂ ಕೂಡುವ ಪ್ರೋಟೀನುಗಳ ಪ್ರಮಾಣ ಒಂದೇ ಬಗೆಯದಲ್ಲ.

ಈ ಪೊರೆಗೆ ಎರಡು ಮುಖಗಳಿವೆ. ಅದು ಮೇಲ್ಮೈಯನ್ನು ತೇವವಾಗಿಟ್ಟು ಘರ್ಷಣೆಯನ್ನು ತಗ್ಗಿಸುತ್ತದೆ. ಅದೇ ಪೊರೆಯ ಪ್ರೋಟೀನುಗಳನ್ನು ಸೂಕ್ಷ್ಮಜೀವಿಗಳು ಹಿಡಿಕೆಗಳಂತೆ ಬಳಸಿಕೊಳ್ಳುತ್ತವೆ.

ಸೂಕ್ಷ್ಮಜೀವಿಗಳ ನೆಲೆ

ಮೊದಲು ಬಂದು ಸೇರುವವುಗಳಲ್ಲಿ ಸ್ಟ್ರೆಪ್ಟೋಕಾಕಸ್ ಜಾತಿಯ ಬ್ಯಾಕ್ಟೀರಿಯಗಳು ಮುಖ್ಯ. ಇವು ಪೆಲಿಕಲ್ಲಿಗೆ ಅಂಟಿ ವೃದ್ಧಿಯಾದ ಮೇಲೆ ಇತರ ಜೀವಿಗಳು ಇವುಗಳ ಮೈಗೇ ಅಂಟುತ್ತವೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರ ಅಂಥವುಗಳಲ್ಲೊಂದು. ದುಂಡನೆಯ ಯೀಸ್ಟ್ ರೂಪದಿಂದ ನೂಲಿನಂಥ ಎಳೆಯ ರೂಪಕ್ಕೆ ಅದು ಬದಲಾಗಬಲ್ಲುದು. ಆ ಎಳೆಗಳ ಮೇಲಿನ ವಿಶೇಷ ಪ್ರೋಟೀನುಗಳು ಸ್ಟ್ರೆಪ್ಟೋಕಾಕಸ್ಸನ್ನೂ ಬಾಯಿಯ ಒಳಚರ್ಮವನ್ನೂ ಹಿಡಿದುಕೊಳ್ಳುತ್ತವೆ. ಕಾಲಕ್ರಮದಲ್ಲಿ ಇವೆಲ್ಲವೂ ತಾವೇ ಸ್ರವಿಸಿದ ಅಂಟಿನೊಳಗೆ ಹುದುಗಿ ಜೈವಿಕ ಪದರವಾಗುತ್ತವೆ. ಅಂಟಿನ ರಕ್ಷಣೆಯಿರುವುದರಿಂದ ಔಷಧಗಳ ಪರಿಣಾಮವೂ ಅವುಗಳ ಮೇಲೆ ಕುಗ್ಗುತ್ತದೆ.

ಮೇಲಿನ ದಂತಪಂಕ್ತಿ ಅಂಗುಳವನ್ನು ಮುಚ್ಚಿಕೊಂಡಿರುವುದರಿಂದ ಲಾಲಾರಸದ ತೊಳೆಯುವಿಕೆ ಅಲ್ಲಿ ಕಡಿಮೆ. ನಿದ್ರೆಯಲ್ಲಿ ಲಾಲಾರಸದ ಸ್ರಾವವೇ ತಗ್ಗುತ್ತದೆ. ಹೀಗಾಗಿ ಅಂಗುಳ ಕೆಂಪೇರಿ ಉರಿಯೂತ ಉಂಟಾಗಬಹುದು. ಹಲವರಿಗೆ ನೋವೇ ಇರದ ಕಾರಣ ಅದು ಗಮನಕ್ಕೆ ಬಾರದೆ ಉಳಿಯುತ್ತದೆ. ಅಪಾಯ ಬಾಯಿಗಷ್ಟೇ ಸೀಮಿತವಲ್ಲ. ಜಪಾನಿನಲ್ಲಿ 85 ವರ್ಷ ದಾಟಿದ 524 ಹಿರಿಯರನ್ನು ಅನುಸರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಂತಪಂಕ್ತಿ ಧರಿಸಿಯೇ ಮಲಗುವವರಲ್ಲಿ ನ್ಯುಮೋನಿಯಾ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು.

ಪಾಲಿಸಬೇಕಾದ ಕ್ರಮ

ದಂತಪಂಕ್ತಿಯನ್ನು ದಿನವೂ ಮೃದುವಾದ ಬ್ರಷ್ಷಿನಿಂದ, ಸೌಮ್ಯ ಸಾಬೂನು ನೀರಿನಲ್ಲಿ ಉಜ್ಜಿ ಚೆನ್ನಾಗಿ ತೊಳೆಯಬೇಕು. ಹಲ್ಲುಜ್ಜುವ ಪೇಸ್ಟು, ಪುಡಿ, ಬೂದಿ ಇವು ಗೀರುಗಳನ್ನುಂಟುಮಾಡಿ ಜೀವಿಗಳಿಗೆ ಆಶ್ರಯ ಒದಗಿಸುತ್ತವೆ. ಕುದಿನೀರು ಆಕಾರವನ್ನು ಕೆಡಿಸುತ್ತದೆ. ರಾತ್ರಿ ಹೊರತೆಗೆದು ಶುದ್ಧ ನೀರಿನಲ್ಲಿಡಬೇಕು. ಅಂಗುಳ, ಒಸಡು, ನಾಲಗೆಗಳನ್ನೂ ಶುಚಿಗೊಳಿಸಬೇಕು. ಸೆಟ್ಟು ಸಡಿಲವಾದರೆ ಅಥವಾ ಅಂಗುಳ ಕೆಂಪಾದರೆ ದಂತವೈದ್ಯರಿಗೆ ತೋರಿಸಬೇಕು.

ಗಡಿನಾಡಿನಲ್ಲಿ ಇಂಥ ಸೂಚನೆಗಳು ಆಯಾ ರಾಜ್ಯದ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಮುದ್ರಿತವಾಗಿ ಕೈಸೇರುವುದುಂಟು. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅವು ತಲಪದೆ ಹೋಗುತ್ತವೆ. ಮೇಲಿನ ಕ್ರಮವನ್ನು ಮಕ್ಕಳು ಅಜ್ಜ ಅಜ್ಜಿಯರಿಗೆ ಒಮ್ಮೆ ಓದಿ ಹೇಳಲೆಂದು ಕೋರುತ್ತೇವೆ.