ಮಲೆನಾಡಿನ ನಕ್ಸಲ್ ಸಂಘರ್ಷ ಮತ್ತು ಮಧ್ಯಮ ದನಿ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಜನತಾದಳದ ಎಚ್.ಜಿ. ಗೋವಿಂದೇಗೌಡರಂಥ ಸೌಮ್ಯ ರಾಜಕಾರಣಿಯನ್ನು ಗೆಲ್ಲಿಸಿದ್ದ ನೆಲವಿದು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭೀತಿ ಹಬ್ಬಿದಾಗ ಕಾಡಂಚಿನ ಗಿರಿಜನರು, ಸಣ್ಣ ರೈತರು ಮೊದಲು ಹಿಡಿದದ್ದು ಅರ್ಜಿ, ಸಭೆ, ಧರಣಿಗಳ ದಾರಿ. ಆ ದಾರಿಗೆ ಸಿಗಬೇಕಿದ್ದ ಉತ್ತರ ಸಕಾಲಕ್ಕೆ ಸಿಗಲಿಲ್ಲ. ನಕ್ಸಲರ ಬಂದೂಕು ಕಾಡು ಹೊಕ್ಕಿತು. 2005ರ ಫೆಬ್ರುವರಿ 6ರಂದು ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಅದಕ್ಕೆ ಪ್ರತೀಕಾರವಾಗಿ ದಿನಗಳಲ್ಲೇ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದರು. ಅಲ್ಲಿಂದಾಚೆಗೆ ಹಳ್ಳಿಗರ ಪಾಡು ಅತ್ತ ದರಿ, ಇತ್ತ ಪುಲಿ: ಒಬ್ಬರಿಗೆ ಅನ್ನವಿಟ್ಟರೆ ಮತ್ತೊಬ್ಬರ ಸಂಶಯ. ಪರಿಸರ, ಭೂಮಿಯ ಹಕ್ಕಿಗಾಗಿ ಶಾಂತವಾಗಿ ಮಾತಾಡುತ್ತಿದ್ದವರೇ ಹೆಚ್ಚು ಕಳೆದುಕೊಂಡರು.

ಆದರೂ ಆ ದನಿ ಪೂರ್ತಿ ಅಡಗಲಿಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಹಿರಿಯ ರಾಜಕಾರಣಿ ಎ.ಕೆ. ಸುಬ್ಬಯ್ಯ, ಪತ್ರಕರ್ತೆ ಗೌರಿ ಲಂಕೇಶ್ ಮುಂತಾದವರ ಮಧ್ಯಸ್ಥಿಕೆಯಿಂದ 2014ರ ಡಿಸೆಂಬರ್‌ನಲ್ಲಿ ನಕ್ಸಲ್ ಚಳವಳಿಯಲ್ಲಿದ್ದ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಮರಳಿದರು. ಆ ಮಧ್ಯಸ್ಥಿಕೆಯ ದನಿಗಳಲ್ಲಿ ಒಂದಾಗಿದ್ದ ಗೌರಿಯವರ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ಆದರೂ ಮರಳುವ ದಾರಿ ಮುಚ್ಚಲಿಲ್ಲ: 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಶರಣಾದರು.