ಅರಳೆಯ ಪರೀಕ್ಷೆಯಲ್ಲಿ ಕಣ್ಣು ಮತ್ತು ದ್ಯುತಿಕೋಶ: ಬೈಲಹೊಂಗಲ ಸೀಮೆಯ ದೃಷ್ಟಿಯಿಂದ ಒಂದು ಐತಿಹಾಸಿಕ ವಿವೇಚನೆ

ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಯಂತ್ರಕ್ಕೆ ಸೂಚನೆ ಕೊಡುವ ಸಾಧನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಶಾಲೆಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಆದರೆ ಯಾವ ಉಪಕರಣವೂ ಬರಿದಾದ ಸ್ಥಳಕ್ಕೆ ಬರುವುದಿಲ್ಲ. ಅದು ಬರುವ ಮುನ್ನ ಆ ಕೆಲಸವನ್ನು ಯಾರೋ ಮಾಡುತ್ತಲೇ ಇರುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಬೆಳೆದ ಅರಳೆಯ ಗುಣವನ್ನು ನಿರ್ಣಯಿಸುವ ಕೆಲಸ ಬಹುಕಾಲದಿಂದ ಮನುಷ್ಯನ ಕಣ್ಣು ಕೈಗಳಿಗೆ ಸೇರಿದ್ದಿತು. ಆ ಕೆಲಸದಲ್ಲಿ ಎಷ್ಟು ಭಾಗ ದ್ಯುತಿಕೋಶಕ್ಕೆ ವರ್ಗವಾಯಿತು, ಎಷ್ಟು ಭಾಗ ಉಳಿಯಿತು, ಅದರಿಂದ ಒಕ್ಕಲಿಗನಿಗೆ ಆದದ್ದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1

ಬ್ರಿಟಿಷ್ ಆಡಳಿತದ ದಾಖಲೆಗಳಲ್ಲಿ ಬೈಲಹೊಂಗಲದ ಸುತ್ತಣ ಪ್ರದೇಶವು ಸಂಪಗಾಂವ ತಾಲೂಕೆಂದೂ, ಸವದತ್ತಿಯ ಪ್ರದೇಶವು ಪರಸಗಡ ತಾಲೂಕೆಂದೂ ಕಾಣಿಸಿಕೊಳ್ಳುತ್ತವೆ. ಕಿತ್ತೂರು ಸಂಪಗಾಂವಕ್ಕೆ ಸೇರಿದ್ದಿತು. ರಾಮದುರ್ಗವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಈ ಸೀಮೆಯ ಗಿಡ್ಡ ಎಳೆಯ ದೇಶೀ ಹತ್ತಿಯು ಘಟ್ಟವಿಳಿದು ಕುಮಟಾ ಬಂದರದಿಂದ ಹಡಗೇರುತ್ತಿದ್ದುದರಿಂದ ‘ಕುಮಟಾ’ ಎಂಬ ವ್ಯಾಪಾರನಾಮವನ್ನು ಪಡೆಯಿತು. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ತಳಿಯನ್ನು ಬೇರೂರಿಸಲಾಯಿತು. ಇದೇ ‘ಧಾರವಾಡ–ಅಮೇರಿಕನ್’. ದೇಶೀ ಅರಳೆಯ ಬೀಜವನ್ನು ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸರಳನ್ನು ಪಾದಗಳಿಂದ ಉರುಳಿಸಿ ಬೇರ್ಪಡಿಸುತ್ತಿದ್ದರು. ಹೊಸ ತಳಿಗೆ ಗರಗಸದ ಹಲ್ಲುಗಳುಳ್ಳ ಜಿನ್ನುಗಳು ಬೇಕಾದುವು.

ಎರಡು ತಳಿಗಳು ಒಂದೇ ಪೇಟೆಗೆ ಬಂದೊಡನೆ ಬೆರಕೆಯ ಪ್ರಶ್ನೆ ತಲೆಯೆತ್ತಿತು. ಬೆಲೆಯುಳ್ಳ ಅರಳೆಯಲ್ಲಿ ಅಗ್ಗದ ಅರಳೆ, ಬೀಜ, ಕಸ, ಮಣ್ಣುಗಳನ್ನು ಸೇರಿಸುವುದು ವ್ಯಾಪಾರದ ದೊಡ್ಡ ಪಿಡುಗಾಯಿತು. ಮುಂಬಯಿ ಸರಕಾರವು 1829ರಷ್ಟು ಹಿಂದೆಯೇ ಅರಳೆಯ ಮೋಸವನ್ನು ತಡೆಯಲು ನಿಯಮವನ್ನು ಮಾಡಿದ್ದಿತು. ಅಮೇರಿಕೆಯ ಅಂತರ್ಯುದ್ಧದಿಂದ (1861–65) ಬೆಲೆಗಳು ಏರಿದಾಗ, 1863ರಲ್ಲಿ ಇನ್ನಷ್ಟು ಕಠಿಣವಾದ ಕಾನೂನನ್ನು ಜಾರಿಗೆ ತಂದು ತನಿಖೆದಾರರನ್ನು ನೇಮಿಸಿತು. ಆದರೆ ಈ ತನಿಖೆದಾರನ ಬಳಿಯಲ್ಲಿದ್ದ ಸಾಧನವಾವುದು? ಅವನ ಕಣ್ಣು ಮಾತ್ರ. ಬೆರಕೆ ನಡೆದಿದೆಯೆಂದು ಒಬ್ಬನು ಹೇಳಿದರೆ, ಇಲ್ಲವೆಂದು ಇನ್ನೊಬ್ಬನು ಹೇಳಬಹುದಾಗಿದ್ದಿತು. ಇಬ್ಬರ ನಡುವೆ ತೀರ್ಪು ಕೊಡುವ ಅಳತೆಗೋಲು ಇರಲಿಲ್ಲ. ಕಾನೂನು ಅಳತೆಗಿಂತ ಮುಂದೆ ನಡೆದಿದ್ದಿತೆಂಬುದೇ ಇಲ್ಲಿ ಗಮನಾರ್ಹವಾದ ಸಂಗತಿ.

2

ಆ ಅಳತೆಗೋಲಿನ ಬೀಜ ಬೇರೊಂದು ಕ್ಷೇತ್ರದಲ್ಲಿ ಮೊಳೆಯಿತು. 1873ರಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಆಂಗ್ಲ ಎಂಜಿನಿಯರನು ಸಮುದ್ರತಳದ ತಂತಿಗಳ ಪರೀಕ್ಷೆಗಾಗಿ ಸೆಲೆನಿಯಂ ಸರಳುಗಳನ್ನು ಬಳಸುತ್ತಿದ್ದಾಗ, ಬೆಳಕು ಬಿದ್ದೊಡನೆ ಅವುಗಳ ವಿದ್ಯುತ್‌ರೋಧ ಕುಗ್ಗುವುದೆಂಬ ಸಂಗತಿ ಹೊರಬಿದ್ದಿತು. 1887ರಲ್ಲಿ ಹರ್ಟ್ಸ್ ಅತಿನೇರಿಳೆ ಕಿರಣಗಳ ವಿದ್ಯುತ್ಪರಿಣಾಮವನ್ನು ಗಮನಿಸಿದನು. 1905ರಲ್ಲಿ ಐನ್‌ಸ್ಟೈನನು ಅದನ್ನು ಸಿದ್ಧಾಂತಕ್ಕೆ ಒಳಪಡಿಸಿದನು. ಬೆಳಕು ಬಿದ್ದಾಗ ಎಲೆಕ್ಟ್ರಾನುಗಳನ್ನು ಹೊರಚಿಮ್ಮುವ ಕೋಶ, ರೋಧವನ್ನು ಬದಲಿಸುವ ಕೋಶ, ತಾನೇ ವಿದ್ಯುತ್ತನ್ನು ಹುಟ್ಟಿಸುವ ಕೋಶ ಎಂದು ಇವುಗಳಲ್ಲಿ ಮೂರು ಜಾತಿಗಳುಂಟು.

ಕಾರ್ಖಾನೆಗಳಲ್ಲಿ ಈ ಸಂವೇದಕಗಳನ್ನು ಅಳವಡಿಸುವ ಕ್ರಮವೂ ಮೂರು ಬಗೆಯದು. ಮೊದಲನೆಯದರಲ್ಲಿ ದೀಪವೂ ಕೋಶವೂ ಎದುರುಬದುರಾಗಿದ್ದು, ನಡುವೆ ವಸ್ತು ಅಡ್ಡ ಬಂದಾಗ ಬೆಳಕು ಕುಗ್ಗುತ್ತದೆ. ಎರಡನೆಯದರಲ್ಲಿ ಇವೆರಡೂ ಒಂದೇ ಪಕ್ಕದಲ್ಲಿದ್ದು, ಎದುರಿನ ಪ್ರತಿಫಲಕದಿಂದ ಬೆಳಕು ಮರಳಿ ಬರುತ್ತದೆ. ಮೂರನೆಯದರಲ್ಲಿ ಪ್ರತಿಫಲಕವಿಲ್ಲ; ವಸ್ತುವಿನ ಮೈಯಿಂದಲೇ ಚೆದರಿದ ಬೆಳಕನ್ನು ಕೋಶವು ಹಿಡಿಯುತ್ತದೆ. ವಸ್ತು ಇದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಮೊದಲೆರಡು ಕ್ರಮಗಳು ಅನುಕೂಲ. ಅದರ ಬಣ್ಣ ಹೊಳಪುಗಳನ್ನು ತಿಳಿಯಲು ಮೂರನೆಯದೇ ಬೇಕು.

3

ಅರಳೆಯ ಪರೀಕ್ಷೆಗೆ ಈ ತತ್ತ್ವಗಳು ಇಪ್ಪತ್ತನೆಯ ಶತಮಾನದಲ್ಲಿ ಬಂದುವು. ಭಾರತದಲ್ಲಿ 1921ರಲ್ಲಿ ಕೇಂದ್ರೀಯ ಹತ್ತಿ ಸಮಿತಿಯೂ, 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಅದರ ತಾಂತ್ರಿಕ ಪ್ರಯೋಗಶಾಲೆಯೂ ಸ್ಥಾಪನೆಗೊಂಡು, ಎಳೆಯ ಗುಣವನ್ನು ಅಂಕಿಗಳಲ್ಲಿ ಹೇಳುವ ಪದ್ಧತಿ ಬೆಳೆಯಿತು. 1940ರಲ್ಲಿ ಅಮೇರಿಕೆಯ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಹರ್ಟೆಲ್ ಎಂಬವರು ‘ಫೈಬ್ರೋಗ್ರಾಫ್’ ಎಂಬ ಉಪಕರಣವನ್ನು ಪ್ರಕಟಪಡಿಸಿದರು. ಬಾಚಿ ನೇರಗೊಳಿಸಿದ ಎಳೆಗಳ ಕುಚ್ಚಿನ ಮೂಲಕ ಬೆಳಕನ್ನು ಹಾಯಿಸಿ, ಬುಡದಿಂದ ತುದಿಯವರೆಗೆ ಅದು ಎಷ್ಟೆಷ್ಟು ಅಡ್ಡಗಟ್ಟುವುದೆಂಬುದರಿಂದ ಎಳೆಗಳ ಉದ್ದವನ್ನು ಇದು ತಿಳಿಸುತ್ತದೆ. ಅನಂತರ ನಿಕರ್‌ಸನ್ ಮತ್ತು ಹಂಟರ್ ಎಂಬವರ ವರ್ಣಮಾಪಕವು ಅರಳೆಯ ಮೇಲೆ ಓರೆಯಾಗಿ ಬೆಳಕು ಬೀರಿ, ಚೆದರಿದ ಬೆಳಕಿನಿಂದ ಅದರ ಬಿಳುಪನ್ನೂ ಹಳದಿಯನ್ನೂ ಎರಡು ಅಂಕಿಗಳಲ್ಲಿ ಸೂಚಿಸಿತು. ಈ ಎರಡು ಅಳತೆಗಳನ್ನೂ ಇತರ ಪರೀಕ್ಷೆಗಳನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ಯತ್ನವು 1960ರ ದಶಕದ ಕೊನೆಗೆ ಟೆಕ್ಸಾಸಿನಲ್ಲಿ ನಡೆಯಿತು. ಅದರ ಫಲವೇ ಇಂದು ಎಚ್‌.ವಿ.ಐ. ಎಂದು ಹೆಸರಾದ ಯಂತ್ರ. ಎಳೆಯ ನವುರನ್ನು ಮಾತ್ರ ಅದು ಬೆಳಕಿನಿಂದಲ್ಲ, ಗಾಳಿಯ ಹರಿವಿನಿಂದ ಅಳೆಯುತ್ತದೆ.

ನಮ್ಮ ಸೀಮೆಗೆ ಇದರ ಮಹತ್ತ್ವವೇನು? ಧಾರವಾಡದ ಸಂಶೋಧಕರು 1972ರಲ್ಲಿ ವರಲಕ್ಷ್ಮಿಯನ್ನೂ 1981ರಲ್ಲಿ ಡಿ.ಸಿ.ಎಚ್.–32 ಎಂಬ ಸಂಕರವನ್ನೂ ಬಿಡುಗಡೆ ಮಾಡಿದ ಮೇಲೆ ಉದ್ದ ಎಳೆಯ ಹತ್ತಿಯು ಇಲ್ಲಿಯ ಹೊಲಗಳಿಗೆ ಬಂದಿತು. ದೇಶೀ ಜಯಧರದ ಎಳೆ ಸುಮಾರು 22 ಮಿಲಿಮೀಟರು, ಡಿ.ಸಿ.ಎಚ್.ನದು ಸುಮಾರು 34. ಇವುಗಳ ಅಂತರವನ್ನು ಪಳಗಿದ ಕೈ ಒಡನೆಯೇ ಹೇಳಬಲ್ಲದು. ಆದರೆ 28ಕ್ಕೂ 29ಕ್ಕೂ ಇರುವ ಅಂತರವನ್ನು ಖಚಿತವಾಗಿ ಹೇಳುವುದು ಕೈಗೆ ಕಷ್ಟ, ದ್ಯುತಿಕೋಶಕ್ಕೆ ಸುಲಭ; ಗಿರಣಿಯ ಲೆಕ್ಕದಲ್ಲಿ ಆ ಒಂದು ಮಿಲಿಮೀಟರಿಗೂ ಬೆಲೆಯುಂಟು.

ನೂಲಿನ ಗಿರಣಿಯಲ್ಲಿ ಸಂವೇದಕದ ಕೆಲಸ ಮತ್ತೂ ವಿಸ್ತಾರವಾದುದು. ಸುತ್ತುಯಂತ್ರದ ಮೇಲೆ ಓಡುವ ನೂಲಿನ ದಪ್ಪವನ್ನು ಅದು ನೆರಳಿನಿಂದ ಗ್ರಹಿಸುತ್ತದೆ. ಗಂಟು ಬಂದರೆ ಯಂತ್ರವು ನೂಲನ್ನು ಕತ್ತರಿಸಿ ಮರಳಿ ಜೋಡಿಸುತ್ತದೆ. ರಾಮದುರ್ಗದ ನೇಕಾರನಿಗೆ ಪರಿಚಿತವಾದ ಲಾಳಿಯ ಮಗ್ಗದಲ್ಲಿ ಹೊಕ್ಕು ಹರಿದುದನ್ನು ತಿಳಿಯುವುದು ನೇಕಾರನ ಕಣ್ಣು, ವಿದ್ಯುನ್ಮಗ್ಗದಲ್ಲಾದರೆ ಲೋಹದ ಕವಲುಗೋಲು. ಗಾಳಿಯಿಂದ ಹೊಕ್ಕನ್ನು ಎಸೆಯುವ ವೇಗದ ಮಗ್ಗದಲ್ಲಿ ಆ ಕೆಲಸ ದ್ಯುತಿಸಂವೇದಕದ್ದು. ಗೋಣಿ ಚೀಲದ ನಾರು, ಬಣ್ಣದ ಚಿಂದಿ ಮೊದಲಾದುವನ್ನು ಅರಳೆಯ ಪ್ರವಾಹದಲ್ಲಿ ಗುರುತಿಸಿ ಗಾಳಿಯ ಹೊಡೆತದಿಂದ ಹೊರದಬ್ಬುವ ಯಂತ್ರಗಳೂ ಬಂದಿವೆ. 1863ರ ತನಿಖೆದಾರನ ಕೆಲಸವನ್ನು ಇವು ಕ್ಷಣಾರ್ಧದಲ್ಲಿ ಮಾಡುತ್ತವೆ. ಆದರೆ ಬಿಳಿಯ ಪ್ಲಾಸ್ಟಿಕ್ ಚೀಲದ ಎಳೆಯು ಅರಳೆಯ ಬಣ್ಣವನ್ನೇ ಹೋಲುವುದರಿಂದ, ಬಣ್ಣವನ್ನಷ್ಟೇ ನೋಡುವ ಕೋಶ ಅಲ್ಲಿ ಸೋಲುತ್ತದೆ. ಬೇರೆ ಬಗೆಯ ಬೆಳಕನ್ನು ಆಶ್ರಯಿಸಬೇಕಾಗುತ್ತದೆ.

4

ಈ ಪ್ರಗತಿಯನ್ನು ಮೆಚ್ಚುವಾಗ ಒಂದು ಸಂಗತಿಯನ್ನು ಮರೆಯಲಾಗದು. ಮೇಲೆ ಹೇಳಿದ ಉಪಕರಣಗಳೆಲ್ಲ ಬೀಜ ತೆಗೆದ ಅರಳೆಯನ್ನು, ಇಲ್ಲವೆ ನೂಲನ್ನು ಪರೀಕ್ಷಿಸುತ್ತವೆ. ಒಕ್ಕಲಿಗನು ಮಾರುವುದಾದರೋ ಬೀಜಸಹಿತವಾದ ಹತ್ತಿಯನ್ನು. ಅವನ ಮಾಲು ಜಿನ್ನನ್ನು ಸೇರುವ ಮೊದಲೇ ಬೆಲೆ ನಿಶ್ಚಯವಾಗಿ ಹೋಗಿರುತ್ತದೆ. ನಿಶ್ಚಯಿಸುವವನು ಚೀಲದಿಂದ ಹಿಡಿ ಹತ್ತಿಯನ್ನು ತೆಗೆದು ಎಳೆದು ನೋಡುವ ವ್ಯಾಪಾರಿ. ಹೀಗೆ ಗಿರಣಿಯವನು ಜಿನ್ನಿನವನಿಂದ ಅಂಕಿಗಳನ್ನು ಕೇಳಿ ಕೊಳ್ಳಬಲ್ಲನು. ಜಿನ್ನಿನವನು ತನ್ನ ಅರಳೆಯನ್ನು ಪರೀಕ್ಷೆಗೆ ಕಳಿಸಬಲ್ಲನು. ಒಕ್ಕಲಿಗನ ಕೈಯಲ್ಲಿ ಮಾತ್ರ ಅಂಕಿಯಿಲ್ಲ. 2000ದಲ್ಲಿ ಕೇಂದ್ರ ಸರಕಾರ ಆರಂಭಿಸಿದ ಹತ್ತಿಯ ತಾಂತ್ರಿಕ ಅಭಿಯಾನವು ಪೇಟೆಯ ಅಂಗಳಗಳನ್ನೂ ಜಿನ್ನುಗಳನ್ನೂ ಸುಧಾರಿಸಲು ಯತ್ನಿಸಿತಾದರೂ, ಈ ಕ್ರಮವು ಬದಲಾಗಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾನೂನಿತ್ತು, ಅಳತೆಯಿರಲಿಲ್ಲ. ಈಗ ಅಳತೆಯುಂಟು; ಆದರೆ ಅದು ವ್ಯವಹಾರದ ಕೊನೆಯ ತುದಿಯಲ್ಲಿದೆ. ಪೇಟೆಯ ಅಂಗಳದಲ್ಲಿಯೇ ಮಾದರಿಯ ಬೀಜ ಬಿಡಿಸುವ ಸಣ್ಣ ಜಿನ್ನೊಂದನ್ನೂ, ಅದರ ಪಕ್ಕದಲ್ಲಿ ಬಣ್ಣವನ್ನೂ ಉದ್ದವನ್ನೂ ಅಳೆಯುವ ಉಪಕರಣವನ್ನೂ ಇರಿಸಿ, ಲಿಲಾವಿಗೆ ಮುಂಚೆ ಫಲಿತಾಂಶವನ್ನು ಒಕ್ಕಲಿಗನಿಗೆ ತಿಳಿಸುವುದು ಅಸಾಧ್ಯವಾದ ಮಾತಲ್ಲ. ಯಂತ್ರದ ಕಣ್ಣು ಪಕ್ಷಪಾತವರಿಯದು ಎನ್ನುವುದು ನಿಜ. ಆದರೆ ಅದನ್ನು ಎಲ್ಲಿ ಇರಿಸಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರೇ. ಅರಳೆಯ ಪರೀಕ್ಷೆಯ ಇತಿಹಾಸದಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ಇದೆಂದು ತೋರುತ್ತದೆ.