ಇಲಿಯ ಮಿದುಳಿನಲ್ಲಿ ಮಾರ್ಫಿನ್‌ನ ನಕ್ಷೆ

ರಿಸೆಪ್ಟರ್ ಎಂಬುದು ಬಹುಕಾಲ ಬರೀ ಊಹೆಯಾಗಿತ್ತು. ನಿಕೋಟಿನ್ ಮತ್ತು ಕ್ಯುರಾರೆ ಸ್ನಾಯುವಿನ ಮೇಲೆ ಮಾಡುವ ಪರಿಣಾಮ ನೋಡಿದ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ, ಔಷಧವನ್ನು ಹಿಡಿಯುವ ವಸ್ತುವೊಂದು ಜೀವಕೋಶದಲ್ಲಿ ಇರಲೇಬೇಕೆಂದು 1905ರಲ್ಲಿ ವಾದಿಸಿದರು. ಔಷಧಶಾಸ್ತ್ರದ ಮೇಷ್ಟ್ರಾದ ನಾನು ಪಾಠದಲ್ಲಿ ಅಲ್ಲಿಂದ ನೇರವಾಗಿ 1973ರ ಬಾಲ್ಟಿಮೋರ್‌ಗೆ ಹಾರುತ್ತೇನೆ.

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾಲೊಮನ್ ಸ್ನೈಡರ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಕ್ಯಾಂಡೇಸ್ ಪರ್ಟ್, ಮಾರ್ಫಿನ್‌ನ ಎದುರಾಳಿಯಾದ ನಲೋಕ್ಸೋನ್‌ಗೆ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೇರಿಸಿದರು. ಅದನ್ನು ಅರೆದ ಇಲಿಯ ಮಿದುಳಿನೊಡನೆ ಬೆರೆಸಿ, ಸೋಸಿ, ತೊಳೆದು, ಸೋಸುಕಾಗದದಲ್ಲಿ ಉಳಿದ ವಿಕಿರಣವನ್ನು ಅಳೆದರು. ಮಾರ್ಫಿನ್ ಜಾತಿಯ ನೋವುನಿವಾರಕ ಲೆವೋರ್ಫನಾಲ್ ಹಾಕಿದರೆ ನಲೋಕ್ಸೋನ್ ಜಾಗ ಬಿಟ್ಟುಕೊಟ್ಟಿತು. ಅದರ ಕನ್ನಡಿ ಪ್ರತಿಬಿಂಬದಂತಿರುವ, ನೋವು ನೀಗದ ಡೆಕ್ಸ್ಟ್ರೋರ್ಫಾನ್‌ಗೆ ಸುಲಭಕ್ಕೆ ಜಗ್ಗಲಿಲ್ಲ. ರಿಸೆಪ್ಟರ್ ಇರುವುದು ಖಾತ್ರಿಯಾಯಿತು. ಅದೇ ವರ್ಷ ನ್ಯೂಯಾರ್ಕ್‌ನ ಎರಿಕ್ ಸೈಮನ್, ಉಪ್ಸಾಲಾದ ಲಾರ್ಸ್ ಟೆರೆನಿಯಸ್ ಕೂಡ ಅದನ್ನೇ ಕಂಡರು.

ಆದರೆ ರುಬ್ಬಿದ ಚಟ್ನಿಯಲ್ಲಿ ಮೆಣಸಿನಕಾಯಿ ಇದೆಯೆಂದು ನಾಲಿಗೆ ಹೇಳೀತೇ ಹೊರತು, ಅದು ಯಾವ ಮೂಲೆಯಲ್ಲಿತ್ತೆಂದು ಹೇಳಲಾರದು. ಜಾಗ ತಿಳಿಯಬೇಕಾದರೆ ಮಿದುಳನ್ನು ಅರೆಯದೆ ಹೆಚ್ಚಬೇಕು. 1975ರಲ್ಲಿ ಪರ್ಟ್, ಕುಹರ್ ಮತ್ತು ಸ್ನೈಡರ್ ಜೀವಂತ ಇಲಿಗೇ ವಿಕಿರಣಶೀಲ ಔಷಧ ಚುಚ್ಚಿ ಜಾಗ ಹುಡುಕಿದರು. 1979ರಲ್ಲಿ ಯಂಗ್ ಮತ್ತು ಕುಹರ್ ಇನ್ನೂ ಸಲೀಸಾದ ದಾರಿ ತೋರಿಸಿದರು: ಮೊದಲು ಹೆಚ್ಚು, ಆಮೇಲೆ ಸ್ಲೈಡಿನ ಮೇಲೇ ಔಷಧ ಹಾಕು.

ವಿದ್ಯಾರ್ಥಿಯಾಗಿದ್ದಾಗ ಈ ಕೆಲಸ ನಾನೂ ಮಾಡಿದ್ದೇನೆ. ಹೆಪ್ಪುಗಟ್ಟಿದ ಮಿದುಳು ಹೆಚ್ಚುವ ಯಂತ್ರವಾದ ಕ್ರಯೋಸ್ಟಾಟ್‌ನ ಕೊರೆಯುವ ಚಳಿಯಲ್ಲಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲಿನಷ್ಟು ತೆಳ್ಳಗೆ ಹೆಚ್ಚಿದ ಪದರ ಸುರುಳಿ ಸುತ್ತಿಕೊಳ್ಳುತ್ತದೆ. ಸಣ್ಣ ಕುಂಚದಿಂದ ಅದನ್ನು ಬಿಡಿಸಿ, ಜೆಲಾಟಿನ್ ಹಚ್ಚಿದ ಸ್ಲೈಡಿಗೆ ತಾಗಿಸಿ, ಕೆಳಗಿನಿಂದ ಬೆರಳಿನ ಬಿಸಿ ಕೊಟ್ಟು ಅಂಟಿಸಬೇಕು. ವಿಕಿರಣಶೀಲ ಔಷಧ ಹಾಕುವಾಗ ಪಕ್ಕದ ಪದರಕ್ಕೆ ವಿಕಿರಣವಿಲ್ಲದ ಔಷಧವನ್ನೂ ಧಾರಾಳವಾಗಿ ಸುರಿಯಬೇಕು. ರಿಸೆಪ್ಟರನ್ನು ಅದೇ ತುಂಬಿಕೊಳ್ಳುವುದರಿಂದ, ವಿಕಿರಣ ಬಿದ್ದಲ್ಲಿ ಕಪ್ಪಾಗುವ ಫಿಲ್ಮಿನಲ್ಲಿ ಅಲ್ಲಿಯೂ ಮೂಡುವ ಕಪ್ಪು ರಿಸೆಪ್ಟರಿನದಲ್ಲ, ಬರೀ ಅಂಟಿದ ಕೊಳೆ. ಟ್ರಿಟಿಯಂನ ಕಿರಣ ಬಲು ದುರ್ಬಲ. ಹಾಗಾಗಿ ಫಿಲ್ಮನ್ನು ಕತ್ತಲಲ್ಲಿ ವಾರಗಟ್ಟಲೆ ಸ್ಲೈಡಿಗೆ ಒತ್ತಿಡಬೇಕು.

ಇಷ್ಟು ತಾಳಿದವರಿಗೆ ನಕ್ಷೆ ಸಿಕ್ಕಿತು. ಮೈಲ್ಸ್ ಹರ್ಕನ್‌ಹ್ಯಾಮ್ ಮತ್ತು ಪರ್ಟ್ 1981ರಲ್ಲಿ ತೋರಿಸಿದ ಇಲಿಯ ಮಿದುಳಿನಾಳದ ಸ್ಟ್ರಯೇಟಮ್‌ನಲ್ಲಿ ಓಪಿಯಾಯ್ಡ್ (ಮಾರ್ಫಿನ್ ಬಗೆಯ ಔಷಧಗಳ) ರಿಸೆಪ್ಟರುಗಳು ಸಮನಾಗಿ ಹರಡಿರಲಿಲ್ಲ, ತೇಪೆ ತೇಪೆಯಾಗಿದ್ದವು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಬಂದಿಳಿಯುವ ಮೇಲ್ಪದರ ದಟ್ಟ ಕಪ್ಪು. ವಾಂತಿ ಎಬ್ಬಿಸುವ ಏರಿಯಾ ಪೋಸ್ಟ್ರೀಮಾ ಮತ್ತು ಅದರ ನೆರೆಯಲ್ಲೇ ಉಸಿರಾಟಕ್ಕೆ ಸಂಬಂಧಪಟ್ಟ ಮಿದುಳುಕಾಂಡದ ಭಾಗಗಳೂ ಕಪ್ಪು. ಮಾರ್ಫಿನ್ ನೋವು ನೀಗುವುದು, ವಾಂತಿ ಬರಿಸುವುದು, ಉಸಿರು ಕುಗ್ಗಿಸುವುದು ಏಕೆಂಬ ಮೂರು ಪ್ರಶ್ನೆಗಳಿಗೂ ಒಂದೇ ನಕ್ಷೆ ಸುಳಿವು ಕೊಟ್ಟಿತು.

1990ರಲ್ಲಿ ಹರ್ಕನ್‌ಹ್ಯಾಮ್ ತಂಡ ಇದೇ ದಾರಿಯಲ್ಲಿ ಗಾಂಜಾದ ರಿಸೆಪ್ಟರುಗಳ ನಕ್ಷೆ ಬಿಡಿಸಿತು. ಉಸಿರಾಟ ನಡೆಸುವ ಮಿದುಳುಕಾಂಡದ ಕೆಳಭಾಗದಲ್ಲಿ ಅವು ತೀರಾ ವಿರಳ. ಗಾಂಜಾದ ಅತಿಸೇವನೆ ಅಫೀಮಿನಂತೆ ಉಸಿರು ನಿಲ್ಲಿಸದಿರುವುದಕ್ಕೆ ಇದೇ ಕಾರಣವಿರಬಹುದೆಂದು ಅವರು ಬರೆದರು.

ರಿಸೆಪ್ಟರ್ ಇದೆಯೆಂದು ಸಾಧಿಸಿದ ಕೆಲಸಕ್ಕೆ ಹೆಸರು ಬಂತು. ಎಲ್ಲಿದೆಯೆಂದು ತೋರಿಸಿದ ಕೆಲಸವನ್ನು ಪಠ್ಯಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ. ವೈದ್ಯನಿಗೆ ಎರಡನೆಯದೇ ಹೆಚ್ಚು ಬೇಕು. ನೋವಿನ ಜಾಗಕ್ಕೆ ಹೋಗುವ ಮಾರ್ಫಿನ್ ಉಸಿರಿನ ಜಾಗಕ್ಕೂ ಹೋಗುತ್ತದೆ. ಅದನ್ನು ಕೊಟ್ಟ ರೋಗಿಗೆ ನೋವು ಇಳಿಯಿತೇ ಎಂದು ಕೇಳುವಾಗ ಉಸಿರನ್ನೂ ಎಣಿಸಿ.